ನೀರು, ಮಣ್ಣಿನ ಪರೀಕ್ಷೆಯಲ್ಲಿ ಬ್ಲ್ಯಾಂಕ್ ಹಾಕುವುದು ಹೇಗೆ? ಕೊಡಗಿನ ಸಣ್ಣ ಲ್ಯಾಬ್‌ಗಳಿಗೊಂದು ಕೈಪಿಡಿ

ಡಿಸೆಂಬರ್ ಬಂತೆಂದರೆ ತೋಟಗಳಲ್ಲಿ ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸ) ಜೋರು. ಅದರ ಜೊತೆಗೇ ನನಗೆ ಒಂದೇ ಬಗೆಯ ಪ್ರಶ್ನೆಗಳೂ ಶುರು. ಪಲ್ಪರ್ ಯಂತ್ರದಿಂದ ಹೊರಬರುವ ನೀರಿನ ಸಿಒಡಿ (ಸಾವಯವ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕದ ಅಳತೆ) ನೋಡುವವರು, ಮಡಿಕೇರಿ, ಪೊನ್ನಂಪೇಟೆ ಕಡೆಯ ಪ್ರಾಜೆಕ್ಟ್ ವಿದ್ಯಾರ್ಥಿಗಳು, ಹೋಮ್‌ಸ್ಟೇ ಬಾವಿಯಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆಯಹೊರಟವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇಷ್ಟೇ: ‘ಬ್ಲ್ಯಾಂಕ್ ಅಂದರೆ ಡಿಸ್ಟಿಲ್ಡ್ ವಾಟರ್ ತಾನೇ? ಎಷ್ಟು ಸ್ಯಾಂಪಲ್‌ಗೆ ಒಂದು ಹಾಕಬೇಕು? ಬ್ಲ್ಯಾಂಕ್‌ನಲ್ಲೂ ರೀಡಿಂಗ್ ಬಂದರೆ ಕಳೆದುಬಿಟ್ಟರೆ ಮುಗಿಯಿತಲ್ಲ?’

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬಹಳ ಸಲ ಮುಗಿಯುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನೀವು ಹುಡುಕುತ್ತಿರುವ ವಸ್ತು ಇಲ್ಲದ, ಆದರೆ ಸ್ಯಾಂಪಲ್ ಪಡುವ ಪಾಡನ್ನೆಲ್ಲ ತಾನೂ ಪಡುವ ಮಾದರಿಯೇ ಬ್ಲ್ಯಾಂಕ್. ಬಾವಿನೀರಿನಲ್ಲಿ ತಾಮ್ರ ಕಂಡಿತು ಎನ್ನಿ. ಅದು ಬಾವಿಯದೋ, ಬಾಟಲಿಯದೋ, ಆಸಿಡ್‌ನದೋ, ಜೀಪಿನ ಹಿಂಬದಿಯಲ್ಲಿದ್ದ ಮೈಲುತುತ್ತದ (ತಾಮ್ರದ ಸಲ್ಫೇಟ್) ಪುಡಿಯದೋ? ಸ್ಯಾಂಪಲ್ ಒಂದನ್ನೇ ನೋಡುತ್ತ ಕುಳಿತರೆ ಯಾರಿಗೂ ಹೇಳಲಾಗದು. ಸ್ಯಾಂಪಲ್‌ನ ಜೊತೆಜೊತೆಗೆ ಅದೇ ದಾರಿಯಲ್ಲಿ ಬಂದ ಬ್ಲ್ಯಾಂಕ್ ಇದ್ದರೆ, ಲೆಕ್ಕದಲ್ಲಿ ನಿಮ್ಮ ಕೈಯಿಂದ ಸೇರಿದ ಪಾಲು ಎಷ್ಟು ಎಂದು ಅದು ಹೇಳುತ್ತದೆ. ಬ್ಲ್ಯಾಂಕ್ ನಡುದಾರಿಯಲ್ಲಿ ಸೇರಿಕೊಂಡರೆ, ಅದಕ್ಕೆ ಮೊದಲಿನ ದಾರಿಯ ಬಗ್ಗೆ ಅದಕ್ಕೇನೂ ಗೊತ್ತಿರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ತೂಕ ಇನ್ನೂ ಜಾಸ್ತಿ. ಬೆಟ್ಟದ ಮೇಲ್ಭಾಗದ ತೋಡು, ಹೊಳೆಗಳಲ್ಲಿ ಹರಿಯುವುದು ಮಳೆನೀರೇ. ಅದರಲ್ಲಿ ಕರಗಿದ ಲವಣ ಕಡಿಮೆ. ಅಳೆಯಬೇಕಾದದ್ದೇ ಇಷ್ಟು ಸಣ್ಣದಿರುವಾಗ ಹೊರಗಿನಿಂದ ಬಂದ ಚೂರು ಕೊಳೆಯೂ ದೊಡ್ಡದಾಗಿ ಕಾಣುತ್ತದೆ.

ಬೇಕಾದ ಸಾಮಾನು

ನಂಬಬಹುದಾದ ಶುದ್ಧ ನೀರು, ಸ್ಯಾಂಪಲ್‌ಗೆ ಬಳಸುವಂಥದ್ದೇ ಬಾಟಲಿಗಳು (ಅದೇ ಕಂಪನಿ, ಅದೇ ತೊಳೆತ), ಒಂದು ವಾಹಕತೆ ಮೀಟರ್, ಪುಡಿ ಇಲ್ಲದ ಗ್ಲೌಸ್, ಐಸ್ ಬಾಕ್ಸ್, ಅಳಿಸದ ಮಾರ್ಕರ್ ಪೆನ್ನು, ಮತ್ತು ಬ್ಲ್ಯಾಂಕ್‌ಗೆಂದೇ ಬೇರೆ ಇಟ್ಟ ಒಂದು ನೋಟ್‌ಬುಕ್. ನೋಟ್‌ಬುಕ್ ಯಾಕೆ ಎಂದು ಏಳನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಯಾವ ಬ್ಲ್ಯಾಂಕ್ ಎಂದು ತೀರ್ಮಾನಿಸಿ

ಎಲ್ಲ ಪರೀಕ್ಷೆಗೂ ಎಲ್ಲ ಬ್ಲ್ಯಾಂಕ್ ಬೇಡ. ಮುಖ್ಯವಾದವು ಇವು:

- ರೀಏಜೆಂಟ್ ಬ್ಲ್ಯಾಂಕ್: ನೀರಿಗೆ ಪರೀಕ್ಷೆಯ ರಾಸಾಯನಿಕಗಳನ್ನು ಮಾತ್ರ ಸೇರಿಸಿದ್ದು. ರಾಸಾಯನಿಕಗಳ ಕೊಳೆ ತೋರಿಸುತ್ತದೆ.
- ಮೆಥಡ್ ಬ್ಲ್ಯಾಂಕ್: ಸ್ಯಾಂಪಲ್‌ನಂತೆಯೇ ಕುದಿಸುವುದು, ಸೋಸುವುದು, ಅಲುಗಾಡಿಸುವುದು ಎಲ್ಲವನ್ನೂ ಮಾಡಿದ್ದು. ಲ್ಯಾಬಿನೊಳಗಿನ ಇಡೀ ಕೆಲಸದ ಕೊಳೆ ಇದರಲ್ಲಿ ಬರುತ್ತದೆ.
- ಫೀಲ್ಡ್ ಬ್ಲ್ಯಾಂಕ್: ಶುದ್ಧ ನೀರನ್ನು ಹೊಳೆ ಬದಿಗೇ ಒಯ್ದು, ಅಲ್ಲೇ ತೆರೆದು, ಅಲ್ಲೇ ಬಾಟಲಿಗೆ ಸುರಿದು ತಂದದ್ದು.
- ಟ್ರಿಪ್ ಬ್ಲ್ಯಾಂಕ್: ಹೋಗಿಬರುವ ತನಕ ಮುಚ್ಚಳ ತೆರೆಯದೇ ಇಟ್ಟದ್ದು. ಪೆಟ್ರೋಲ್, ಸಾಲ್ವೆಂಟ್‌ನಂಥ ಆವಿಯಾಗುವ ವಸ್ತು ಹುಡುಕುವವರಿಗೆ ಇದು ಬೇಕು. ಕಬ್ಬಿಣ, ನೈಟ್ರೇಟ್ ನೋಡುವವರು ಬಿಡಬಹುದು.
- ಇಕ್ವಿಪ್‌ಮೆಂಟ್ ಬ್ಲ್ಯಾಂಕ್: ಬಾವಿಗೆ ಇಳಿಸುವ ಸ್ಯಾಂಪ್ಲರ್, ಪಂಪು, ಫಿಲ್ಟರ್‌ಗಳ ಮೂಲಕ ಹಾಯಿಸಿದ ಶುದ್ಧ ನೀರು.

ಒಂದನ್ನೇ ಹಾಕಲು ಸಾಧ್ಯ ಎನ್ನುವವರಿಗೆ ನನ್ನ ಸಲಹೆ ಮೆಥಡ್ ಬ್ಲ್ಯಾಂಕ್. ಎರಡಕ್ಕೆ ಶಕ್ತಿಯಿದ್ದರೆ ಫೀಲ್ಡ್ ಬ್ಲ್ಯಾಂಕನ್ನೂ ಸೇರಿಸಿ.

ಹಂತ 2: ನೀರನ್ನು ಮೊದಲು ಪರೀಕ್ಷಿಸಿ

ಬ್ಲ್ಯಾಂಕ್ ನೀರೇ ಸರಿಯಿಲ್ಲದಿದ್ದರೆ ಮುಂದಿನದ್ದೆಲ್ಲ ವ್ಯರ್ಥ. ಐಎಸ್‌ಒ 3696 ಮಾನದಂಡದಲ್ಲಿ ಲ್ಯಾಬ್ ನೀರಿಗೆ ಮೂರು ದರ್ಜೆಗಳಿವೆ. ಸಾಮಾನ್ಯ ಕೆಲಸದ ಮೂರನೇ ದರ್ಜೆಗೂ ವಾಹಕತೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ 5 ಮೈಕ್ರೊಸೀಮೆನ್ಸ್ ಮೀರುವಂತಿಲ್ಲ. ಎರಡನೇ ದರ್ಜೆಗೆ 1 ಮಾತ್ರ. ವಾಹಕತೆ ಎಂದರೆ ನೀರು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂಬ ಅಳತೆ. ಲವಣ ಹೆಚ್ಚಿದಷ್ಟೂ ಅದೂ ಹೆಚ್ಚು. ಕ್ಯಾನ್ ತೆರೆದ ಪ್ರತಿ ಸಲವೂ ನೋಡಿ, ಬರೆದಿಡಿ.

ಈ ಮೀಟರ್ ಎಲ್ಲವನ್ನೂ ಹಿಡಿಯುವುದಿಲ್ಲ. ಸಾವಯವ ಕೊಳೆ, ಸಿಲಿಕಾ ಇದ್ದರೂ ಅದು ಸುಮ್ಮನಿರುತ್ತದೆ. ತಿಂಗಳುಗಟ್ಟಲೆ ಕ್ಯಾನಿನಲ್ಲಿ ನಿಂತು ಪಾಚಿ ಹತ್ತಿದ ಡಿಸ್ಟಿಲ್ಡ್ ವಾಟರ್ ವಾಹಕತೆಯಲ್ಲಿ ಪಾಸಾಗಿ, ಸಿಒಡಿ ಮತ್ತು ಬಿಒಡಿಯಲ್ಲಿ (ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಬಳಸುವ ಆಮ್ಲಜನಕದ ಅಳತೆ) ಫೇಲಾಗುತ್ತದೆ.

ಎಚ್ಚರಿಕೆ: ಮಳೆನೀರು ಬೇಡ. ಸತು ಲೇಪಿಸಿದ ಶೀಟ್ ಮಾಡಿನಿಂದ ಇಳಿದ ನೀರಿನಲ್ಲಿ ಸತು ಇದ್ದೇ ಇರುತ್ತದೆ. ಸತು ಅಳೆಯುವ ಬ್ಲ್ಯಾಂಕ್‌ಗೆ ಅದು ನಡೆಯದು. ತಾಮ್ರ, ಹಿತ್ತಾಳೆಯ ಹಳೆಯ ಸ್ಟಿಲ್‌ನಲ್ಲಿ (ಭಟ್ಟಿ ಇಳಿಸುವ ಪಾತ್ರೆ) ಇಳಿಸಿದ ನೀರೂ ಲೋಹದ ಪರೀಕ್ಷೆಗಳಿಗೆ ಹೊಂದದು.

ಇನ್ನೊಂದು ಬಲೆಯಿದೆ, ಇದಕ್ಕೆ ಬಿದ್ದವರಿಗೆ ಬಿದ್ದದ್ದೇ ಗೊತ್ತಾಗುವುದಿಲ್ಲ. ಉಪಕರಣವನ್ನು ಸೊನ್ನೆಗೆ ತರುವುದೂ ಅದೇ ನೀರಿನಿಂದ, ಬ್ಲ್ಯಾಂಕ್ ಮಾಡುವುದೂ ಅದೇ ನೀರಿನಿಂದ. ಆ ನೀರಿನಲ್ಲೇ ಕಬ್ಬಿಣವಿದ್ದರೆ ಬ್ಲ್ಯಾಂಕ್ ಅಂದವಾಗಿ ‘0.00’ ತೋರಿಸುತ್ತದೆ, ಹೊಳೆನೀರಿನ ಸ್ಯಾಂಪಲ್ ಮೈನಸ್‌ಗೆ ಇಳಿಯುತ್ತದೆ. ರೀಡಿಂಗ್ ಮೈನಸ್ ಬಂದಾಗ ಉಪಕರಣವನ್ನು ಬೈಯುವ ಮೊದಲು ಬೇರೆ ಕಡೆಯ ಶುದ್ಧ ನೀರು ತಂದು ಪಕ್ಕದಲ್ಲಿಟ್ಟು ನೋಡಿ.

ಹಂತ 3: ಗಾಜು, ಬಾಟಲಿ ತೊಳೆಯುವುದು

ಲೋಹಗಳಿಗಾದರೆ ಶೇ. 10ರ ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ. ನೈಟ್ರೇಟ್ ಅಳೆಯುವ ಬಾಟಲಿಗೆ ನೈಟ್ರಿಕ್ ತಾಗಿಸಬೇಡಿ, ಹೈಡ್ರೋಕ್ಲೋರಿಕ್ ಬಳಸಿ. ರಂಜಕ ಅಳೆಯುವ ಸಾಮಾನಿಗೆ ಫಾಸ್ಫೇಟ್ ಇರುವ ಸೋಪು, ಡಿಟರ್ಜೆಂಟ್ ಮುಟ್ಟಿಸಲೇಬೇಡಿ.

ಕಕ್ಕಡ (ಆಟಿ) ತಿಂಗಳ ಮಳೆಯಲ್ಲಿ ಗಾಜು ಒಣಗುವುದೇ ಇಲ್ಲ ಎಂದು ಬಟ್ಟೆಯಲ್ಲಿ ಒರೆಸುವವರಿದ್ದಾರೆ. ಒರೆಸಬೇಡಿ. ಬಟ್ಟೆಯ ನೂಲು, ಅದರಲ್ಲಿ ಉಳಿದ ಸೋಪು ಎರಡೂ ಒಳಗೆ ಸೇರುತ್ತವೆ. ಸ್ಟ್ಯಾಂಡಿನಲ್ಲಿ ಬೋರಲು ಹಾಕಿ. ಒದ್ದೆಯೇ ಇದ್ದರೆ ಬಳಸುವ ಮೊದಲು ಅದಕ್ಕೆ ತುಂಬಲಿರುವ ದ್ರಾವಣದಿಂದಲೇ ಒಮ್ಮೆ ಕಲಕಿ ಚೆಲ್ಲಿ.

ಹಂತ 4: ಹೊಳೆ ಬದಿಯಲ್ಲಿ ಫೀಲ್ಡ್ ಬ್ಲ್ಯಾಂಕ್

ಬ್ಲ್ಯಾಂಕ್ ನೀರನ್ನು ಲ್ಯಾಬಿನಲ್ಲೇ ಒಂದು ಬಾಟಲಿಗೆ ತುಂಬಿ ಒಯ್ಯಿರಿ. ಸ್ಯಾಂಪಲ್ ತೆಗೆಯುವ ಜಾಗದಲ್ಲಿ, ಸ್ಯಾಂಪಲ್ ಬಾಟಲಿ ತೆರೆದಿರುವಷ್ಟೇ ಹೊತ್ತು ತೆರೆದು, ಖಾಲಿ ಸ್ಯಾಂಪಲ್ ಬಾಟಲಿಗೆ ಸುರಿಯಿರಿ. ಸ್ಯಾಂಪಲ್ ಅನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತೀರಾದರೆ ಇದನ್ನೂ ಸೋಸಿ. ಲೋಹಗಳಿಗೆಂದು ಪಿಎಚ್ 2ಕ್ಕಿಂತ ಕೆಳಗಿಳಿಸಲು ನೈಟ್ರಿಕ್ ಹಾಕುತ್ತೀರಾದರೆ ಅದೇ ಬಾಟಲಿಯ ಆಸಿಡ್ ಅಷ್ಟೇ ಹನಿ ಇದಕ್ಕೂ. ಅದೇ ಐಸ್ ಬಾಕ್ಸಿನಲ್ಲಿ ವಾಪಸ್.

ಸ್ಯಾಂಪಲ್ ತೆಗೆಯುವ ದಿನಕ್ಕೊಂದು ಹಾಕಿದರೆ ಸಣ್ಣ ಕೆಲಸಕ್ಕೆ ಸಾಕು. ದಿನದ ಮೊದಲ ಜಾಗದಲ್ಲೇ ಮಾಡಿ ಮುಗಿಸುವ ಚಟ ಹಲವರಿಗಿದೆ. ಎಲ್ಲರ ಕೈ ಶುದ್ಧವಾಗಿರುವುದು ಆಗಲೇ. ನಾನಾದರೆ ಪಲ್ಪರ್ ಹೊಂಡದ ಸ್ಯಾಂಪಲ್ ತೆಗೆದ ನಂತರ ಹಾಕಲು ಹೇಳುತ್ತೇನೆ.

ತೋಟದ ಜೀಪಿನಲ್ಲಿ ಹೋಗುವವರಿಗೆ ವಿಶೇಷ ಎಚ್ಚರಿಕೆ: ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣದ (ರೋಗಕ್ಕೆ ಸಿಂಪಡಿಸುವ ಮೈಲುತುತ್ತ-ಸುಣ್ಣದ ಮಿಶ್ರಣ) ಬ್ಯಾರೆಲ್ ಹೊತ್ತ ಗಾಡಿಯ ಮೂಲೆಗಳಲ್ಲಿ ಮೈಲುತುತ್ತ ತಿಂಗಳುಗಳ ನಂತರವೂ ಇರಬಹುದು. ಯೂರಿಯಾ ಚೀಲ ಇಟ್ಟಿದ್ದ ಜಾಗವೂ ಅಷ್ಟೇ. ಬಾಟಲಿಗಳನ್ನು ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಕಟ್ಟಿ. ಹೊರಚೀಲ ಮುಟ್ಟುವವರೊಬ್ಬರು, ಒಳಗಿನ ಬಾಟಲಿ ಮುಟ್ಟುವವರು ಇನ್ನೊಬ್ಬರು.

ಫೀಲ್ಡ್ ಬ್ಲ್ಯಾಂಕ್ ಬಾಟಲಿಯ ಮೇಲೆ ‘ಬ್ಲ್ಯಾಂಕ್’ ಎಂದು ಬರೆಯದೆ ಸಾಮಾನ್ಯ ನಂಬರೇ ಕೊಡಿ. ಬ್ಲ್ಯಾಂಕ್ ಎಂದು ಗೊತ್ತಾದೊಡನೆ ಲ್ಯಾಬಿನವರು ಅದಕ್ಕೆ ಹೊಸ ಪಿಪೆಟ್ ತೆಗೆಯುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಪರೀಕ್ಷೆ ಕೆಟ್ಟಿತು.

ಹಂತ 5: ಲ್ಯಾಬಿನಲ್ಲಿ ಮೆಥಡ್ ಬ್ಲ್ಯಾಂಕ್

ಚಾಲ್ತಿಯಲ್ಲಿರುವ ರೂಢಿ: ಒಟ್ಟಿಗೆ ಮಾಡುವ ಪ್ರತಿ ಬ್ಯಾಚ್‌ಗೆ ಕನಿಷ್ಠ ಒಂದು, ಬ್ಯಾಚ್ ಎಂದರೆ 20 ಸ್ಯಾಂಪಲ್‌ಗಿಂತ ಹೆಚ್ಚಲ್ಲ. ಐದೇ ಸ್ಯಾಂಪಲ್ ಇದ್ದರೂ ಒಂದು ಬೇಕು. ನಾನು ಎರಡು ಹಾಕಿ ಎನ್ನುತ್ತೇನೆ. ಒಂದೇ ಇದ್ದು ಅದು ಕೆಟ್ಟರೆ ಬ್ಯಾಚ್ ಕೆಟ್ಟಿತೋ ಆ ಒಂದು ಫ್ಲಾಸ್ಕ್ ಕೆಟ್ಟಿತೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ರಾಸಾಯನಿಕ ಒಂದನ್ನೂ ಬಿಡಬೇಡಿ. ಕೊಡಗಿನ ಮಣ್ಣು ಹುಳಿ, ಆದ್ದರಿಂದ ಲಭ್ಯ ರಂಜಕಕ್ಕೆ ಬ್ರೇ ವಿಧಾನ ಬಳಸುತ್ತಾರೆ. ಅದರಲ್ಲಿ ಅಮೋನಿಯಂ ಫ್ಲೋರೈಡ್ ಇರುವ ದ್ರಾವಣವನ್ನೇ ಬ್ಲ್ಯಾಂಕ್ ಆಗಿ ಅಲುಗಾಡಿಸಿ, ಸೋಸಿ, ಬಣ್ಣ ಬರಿಸಬೇಕು. ಬರೀ ನೀರಿಗೆ ಬಣ್ಣ ಬರಿಸಿ ಬ್ಲ್ಯಾಂಕ್ ಎಂದರೆ ಆಗದು. ಸುಣ್ಣದ ಮಣ್ಣಿನ ಓಲ್ಸನ್ ವಿಧಾನದಲ್ಲಿ ಕೆಲವರು ಬಣ್ಣ ಕಳೆಯಲು ಇದ್ದಿಲ ಪುಡಿ ಹಾಕುತ್ತಾರೆ. ಆ ಪುಡಿಯಲ್ಲೇ ರಂಜಕ ಇರುವುದುಂಟು. ಅದನ್ನು ಬ್ಲ್ಯಾಂಕ್‌ಗೆ ಹಾಕದವರಿಗೆ ಎಲ್ಲ ಮಣ್ಣೂ ಫಲವತ್ತಾಗಿಯೇ ಕಾಣುತ್ತದೆ!

ಉಪಕರಣದಲ್ಲಿ ಓದುವಾಗ ಮೊದಲು ಒಂದು ಬ್ಲ್ಯಾಂಕ್, ತುಂಬಾ ಗಾಢವಾದ ಸ್ಯಾಂಪಲ್ ಆದ ಕೂಡಲೇ ಇನ್ನೊಂದು. ಹಿಂದಿನ ಸ್ಯಾಂಪಲ್‌ನ ಶೇಷ ನಳಿಕೆಯಲ್ಲಿ ಉಳಿದು ಮುಂದಿನದಕ್ಕೆ ಸೇರುವುದನ್ನು ಕ್ಯಾರಿಓವರ್ ಎನ್ನುತ್ತಾರೆ. ಪಲ್ಪರ್ ನೀರಿನ ಹಿಂದೆಯೇ ಕುಡಿಯುವ ನೀರನ್ನು ಓದಿದರೆ ಇದು ಖಚಿತ.

ಬ್ಲ್ಯಾಂಕ್ ಶುದ್ಧ ಬಂದ ಮಾತ್ರಕ್ಕೆ ಪರೀಕ್ಷೆ ಸರಿಯಿದೆ ಎಂದಲ್ಲ. ರಾಸಾಯನಿಕ ಹಾಕಲು ಮರೆತರೂ ಸೊನ್ನೆಯೇ ಬರುತ್ತದೆ. ಆದ್ದರಿಂದ ಇನ್ನೊಂದು ಬ್ಲ್ಯಾಂಕ್‌ಗೆ ಗೊತ್ತಿರುವಷ್ಟು ವಸ್ತು ಸೇರಿಸಿ, ಅಷ್ಟು ಮರಳಿ ಸಿಗುತ್ತದೆಯೇ ನೋಡಿ. ಇದು ಸ್ಪೈಕ್ ಮಾಡಿದ ಬ್ಲ್ಯಾಂಕ್. ಬಿಒಡಿ ಮಾಡುವವರು ಇದನ್ನು ಮರೆಯಬಾರದು: ಮಳೆಗಾಲದಲ್ಲಿ ಕರೆಂಟ್ ಹೋಗಿ 27 ಡಿಗ್ರಿಯ ಇನ್‌ಕ್ಯುಬೇಟರ್ ತಣ್ಣಗಾದರೆ ಶುದ್ಧ ನೀರಿನ ಬ್ಲ್ಯಾಂಕ್‌ಗೆ ಅದರ ಸುಳಿವೂ ಸಿಗದು.

ಹಂತ 6: ಟೈಟ್ರೇಶನ್‌ನಲ್ಲಿ ಬ್ಲ್ಯಾಂಕ್ ತಲೆಕೆಳಗು

ಗೊತ್ತಿರುವ ಶಕ್ತಿಯ ದ್ರಾವಣವನ್ನು ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಇಳಿಸಿ ಅಳೆಯುವುದೇ ಟೈಟ್ರೇಶನ್. ಅತಿ ಹೆಚ್ಚು ಗೊಂದಲ ಇಲ್ಲೇ. ಸಿಒಡಿ ಮತ್ತು ಮಣ್ಣಿನ ಸಾವಯವ ಇಂಗಾಲದ ವಾಕ್ಲೆ-ಬ್ಲ್ಯಾಕ್ ವಿಧಾನ ಎರಡರಲ್ಲೂ ಸಾವಯವ ವಸ್ತುವನ್ನು ಉರಿಸುವ ಡೈಕ್ರೋಮೇಟ್ ಅನ್ನು ಬೇಕಾದ್ದಕ್ಕಿಂತ ಹೆಚ್ಚು ಹಾಕಿ, ಖರ್ಚಾಗದೆ ಉಳಿದದ್ದನ್ನು ಫೆರಸ್ ಅಮೋನಿಯಂ ಸಲ್ಫೇಟ್‌ನಿಂದ (ಎಫ್‌ಎಎಸ್ ಎನ್ನೋಣ) ಅಳೆಯುತ್ತೇವೆ. ಹಾಗಾಗಿ ಬ್ಲ್ಯಾಂಕ್‌ಗೇ ಅತಿ ಹೆಚ್ಚು ಎಫ್‌ಎಎಸ್ ಇಳಿಯುತ್ತದೆ. ಬ್ಲ್ಯಾಂಕ್ ಕೊಳೆಯಾದರೆ ಬ್ಯೂರೆಟ್ ರೀಡಿಂಗ್ ಏರುವುದಿಲ್ಲ, ಇಳಿಯುತ್ತದೆ. ಇನ್ನೊಂದೆಡೆ, ಎಫ್‌ಎಎಸ್ ಗಾಳಿ ತಾಗಿ ದಿನೇ ದಿನೇ ಶಕ್ತಿ ಕಳೆದುಕೊಳ್ಳುವುದರಿಂದ ಬ್ಲ್ಯಾಂಕ್ ರೀಡಿಂಗ್ ಮೆಲ್ಲಗೆ ಏರುತ್ತದೆ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಿ.

ಇಲ್ಲಿ ಬ್ಲ್ಯಾಂಕ್ ಕಳೆಯುವುದು ಸೂತ್ರದ ಭಾಗವೇ. ವಾಕ್ಲೆ-ಬ್ಲ್ಯಾಕ್‌ನಲ್ಲಿ 1 ನಾರ್ಮಲ್ (ದ್ರಾವಣದ ಶಕ್ತಿಯ ಅಳತೆ) ಡೈಕ್ರೋಮೇಟ್ 10 ಮಿ.ಲೀ., ಸುಮಾರು 0.5 ನಾರ್ಮಲ್ ಎಫ್‌ಎಎಸ್. ಬ್ಲ್ಯಾಂಕ್ 20 ಮಿ.ಲೀ. ಆಸುಪಾಸು ಬರಬೇಕು. ಲೆಕ್ಕ ಹೀಗೆ: ಬ್ಲ್ಯಾಂಕ್‌ನಿಂದ ಸ್ಯಾಂಪಲ್ ರೀಡಿಂಗ್ ಕಳೆಯಿರಿ, 10ರಿಂದ ಗುಣಿಸಿ, ಬ್ಲ್ಯಾಂಕ್‌ನಿಂದ ಭಾಗಿಸಿ, 0.3ರಿಂದ ಗುಣಿಸಿ, ಮಣ್ಣಿನ ಗ್ರಾಂ ತೂಕದಿಂದ ಭಾಗಿಸಿ. ಈ ವಿಧಾನದಲ್ಲಿ ಇಂಗಾಲ ಸುಮಾರು ಶೇ. 77 ಮಾತ್ರ ಉರಿಯುವುದರಿಂದ ಕೊನೆಗೆ 1.3ರಿಂದ ಗುಣಿಸುವುದುಂಟು.

‘ನಿನ್ನೆಯ ಬ್ಲ್ಯಾಂಕ್ ಬಳಸಬಹುದೇ?’ ಲೆಕ್ಕವನ್ನೇ ನೋಡಿ. ಒಂದು ಗ್ರಾಂ ಮಣ್ಣು, ಇವತ್ತಿನ ನಿಜವಾದ ಬ್ಲ್ಯಾಂಕ್ 20.4, ನಿನ್ನೆಯದು 20.0 ಎಂದುಕೊಳ್ಳಿ. ಕಾಫಿ ಗಿಡದ ಬುಡದ ಮೇಲ್ಮಣ್ಣಿಗೆ ರೀಡಿಂಗ್ 12.0 ಬಂದರೆ 1.3ರಿಂದ ಗುಣಿಸುವ ಮೊದಲು ಉತ್ತರ ಶೇ. 1.24, ನಿನ್ನೆಯ ಬ್ಲ್ಯಾಂಕ್ ಹಿಡಿದರೆ ಶೇ. 1.20. ಯಾರೂ ಗಮನಿಸುವುದಿಲ್ಲ. ಆಳದ ಮಣ್ಣಿಗೆ ರೀಡಿಂಗ್ 19.4 ಬಂದರೆ? ಇವತ್ತಿನ ಬ್ಲ್ಯಾಂಕ್‌ನಿಂದ ಶೇ. 0.15, ನಿನ್ನೆಯದರಿಂದ 0.09. ಶೇ. 40ರಷ್ಟು ಇಂಗಾಲ ಕಾಣೆ!

ಇನ್ನೊಂದು ಮಾತು, ನಮ್ಮ ಮೇಲ್ಮಣ್ಣಿನಲ್ಲಿ ಇಂಗಾಲ ಹೆಚ್ಚು. ಹಾಕಿದ ಡೈಕ್ರೋಮೇಟ್‌ನಲ್ಲಿ ಶೇ. 80ಕ್ಕಿಂತ ಹೆಚ್ಚು ಖರ್ಚಾದರೆ, ಅಂದರೆ ಸ್ಯಾಂಪಲ್ ರೀಡಿಂಗ್ ಬ್ಲ್ಯಾಂಕ್‌ನ ಐದನೇ ಒಂದಕ್ಕಿಂತ ಕೆಳಗಿಳಿದರೆ, ಮಣ್ಣು ಕಡಿಮೆ ತೂಗಿ ಮತ್ತೆ ಮಾಡಿ.

ಸಿಒಡಿಯಲ್ಲಿ 20 ಮಿ.ಲೀ. ಸ್ಯಾಂಪಲ್, 0.1 ನಾರ್ಮಲ್ ಎಫ್‌ಎಎಸ್ ಇದ್ದರೆ ಬ್ಯೂರೆಟ್‌ನ 0.1 ಮಿ.ಲೀ. ವ್ಯತ್ಯಾಸಕ್ಕೆ ಲೀಟರಿಗೆ 4 ಮಿ.ಗ್ರಾಂ ಸಿಒಡಿ. ಸಣ್ಣದೆನಿಸಿತೇ? ಪಲ್ಪರ್ ನೀರು ಗಾಢವೆಂದು 50 ಪಟ್ಟು ತೆಳುಮಾಡಿದ್ದರೆ ಅದೇ ತಪ್ಪು 200 ಮಿ.ಗ್ರಾಂ ಆಗುತ್ತದೆ. ತೆಳುಮಾಡಿದ ಸ್ಯಾಂಪಲ್ ಇರುವ ದಿನ ಎರಡು ಬ್ಲ್ಯಾಂಕ್ ಸಾಲದು, ಮೂರು ಹಾಕಿ.

ಜೊತೆಗೆ ಕಾಯಿಸದ ಬ್ಲ್ಯಾಂಕ್ ಒಂದನ್ನೂ ಟೈಟ್ರೇಟ್ ಮಾಡಿ. ಎರಡು ಗಂಟೆ ಕುದಿಸಿದ ಬ್ಲ್ಯಾಂಕ್ ಇದಕ್ಕಿಂತ ಗಣನೀಯವಾಗಿ ಕಡಿಮೆ ಬಂದರೆ ನೀರಿನಲ್ಲೋ ಆಸಿಡ್‌ನಲ್ಲೋ ಫ್ಲಾಸ್ಕಿನಲ್ಲೋ ಸಾವಯವ ಕೊಳೆ ಇದೆ.

ಹಂತ 7: ಎಷ್ಟು ಬಂದರೆ ಸರಿ?

ನೋಟ್‌ಬುಕ್ ಈಗ ತೆಗೆಯಿರಿ. ಬೇರೆಬೇರೆ ದಿನಗಳ ಕನಿಷ್ಠ ಹತ್ತು ಮೆಥಡ್ ಬ್ಲ್ಯಾಂಕ್‌ಗಳ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಶನ್ (ರೀಡಿಂಗ್‌ಗಳು ಸರಾಸರಿಯ ಅಕ್ಕಪಕ್ಕ ಎಷ್ಟು ಚದುರಿವೆ ಎಂಬ ಅಳತೆ) ಲೆಕ್ಕಹಾಕಿ. ಸರಾಸರಿಗೆ ಅದರ ಮೂರು ಪಟ್ಟು ಕೂಡಿಸಿದರೆ ‘ಇದೆ’ ಎನ್ನಬಹುದಾದ ಮಿತಿ, ಹತ್ತು ಪಟ್ಟು ಕೂಡಿಸಿದರೆ ‘ಇಷ್ಟಿದೆ’ ಎನ್ನಬಹುದಾದ ಮಿತಿ. ಇವೆರಡನ್ನೂ ಹೋಲಿಸಬೇಕಾದದ್ದು ಬ್ಲ್ಯಾಂಕ್ ಕಳೆಯದ ರೀಡಿಂಗ್‌ಗೆ.

ತಾಮ್ರದ ಬ್ಲ್ಯಾಂಕ್ ಸರಾಸರಿ ಲೀಟರಿಗೆ 0.02 ಮಿ.ಗ್ರಾಂ, ಚದುರುವಿಕೆ 0.01 ಎಂದಿಟ್ಟುಕೊಳ್ಳಿ. ‘ಇದೆ’ ಎನ್ನಲು 0.05, ‘ಇಷ್ಟಿದೆ’ ಎನ್ನಲು 0.12 ಬೇಕು. ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿಯೇ 0.05. ಅಂದರೆ ಈ ಲ್ಯಾಬ್ ಆ ಮಿತಿಯ ಬಗ್ಗೆ ತೀರ್ಪು ಕೊಡುವ ಸ್ಥಿತಿಯಲ್ಲಿಲ್ಲ, ಉಪಕರಣ ಎಷ್ಟೇ ದುಬಾರಿಯಿದ್ದರೂ.

ದಿನನಿತ್ಯಕ್ಕೆ ಒಂದು ಸರಳ ಕಟ್ಟು: ಬ್ಲ್ಯಾಂಕ್ ನಿಮ್ಮ ‘ಇದೆ’ ಮಿತಿಗಿಂತ ಕೆಳಗಿದ್ದರೆ ಮುಂದುವರಿಯಿರಿ. ಮೀರಿದ್ದರೂ ಸ್ಯಾಂಪಲ್ ಅದರ ಹತ್ತು ಪಟ್ಟಿಗಿಂತ ಹೆಚ್ಚಿದ್ದರೆ ಆ ಸ್ಯಾಂಪಲ್‌ನ ಫಲಿತಾಂಶ ಟಿಪ್ಪಣಿಯೊಂದಿಗೆ ನಿಲ್ಲುತ್ತದೆ. ನಡುವೆ ಸಿಕ್ಕಿಕೊಂಡವನ್ನು ಮತ್ತೆ ಮಾಡಬೇಕು. ಬಿಒಡಿಯ ತೆಳುಮಾಡುವ ನೀರಿಗೆ ಬೇರೆ ನಿಯಮ: ಅದರ ಆಮ್ಲಜನಕ ಲೀಟರಿಗೆ 0.2 ಮಿ.ಗ್ರಾಂಗಿಂತ ಹೆಚ್ಚು ಇಳಿಯಬಾರದು.

ಬ್ಲ್ಯಾಂಕ್ ರೀಡಿಂಗ್‌ಗಳನ್ನು ದಿನಾಂಕದ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಮಿತಿಯೊಳಗೇ ಇದ್ದುಕೊಂಡು ಮೆಲ್ಲಮೆಲ್ಲಗೆ ಮೇಲೇರುವ ಗೆರೆ ಒಂದೊಂದೇ ಅಂಕಿ ನೋಡುವವರಿಗೆ ಕಾಣುವುದಿಲ್ಲ.

ಹಂತ 8: ಹೆಚ್ಚು ಬಂದರೆ ಹುಡುಕಿ

ಕಳೆದು ಕೈತೊಳೆದುಕೊಳ್ಳಬೇಡಿ. ಕೊಳೆ ಎಲ್ಲ ಫ್ಲಾಸ್ಕಿಗೂ ಸಮನಾಗಿ ಬಿದ್ದಿದ್ದರೆ ಮಾತ್ರ ಕಳೆಯುವುದಕ್ಕೆ ಅರ್ಥ. ರೀಏಜೆಂಟ್‌ನ ಕೊಳೆ ಸಾಮಾನ್ಯವಾಗಿ ಸಮ. ಧೂಳು, ಕೈ, ಮುಚ್ಚಳದ್ದು ಒಂದಕ್ಕೆ ಬಿದ್ದರೆ ಇನ್ನೊಂದಕ್ಕಿಲ್ಲ.

ದಾರಿಯನ್ನು ಒಂದೊಂದೇ ಹಂತವಾಗಿ ಪರೀಕ್ಷಿಸುತ್ತ ಹೋಗಿ. ಮೊದಲು ಬರೀ ನೀರು ಓದಿ. ಶುದ್ಧವೇ? ನೀರು ಮತ್ತು ರೀಏಜೆಂಟ್, ಕುದಿಸದೆ, ಸೋಸದೆ. ಅದೂ ಶುದ್ಧವೇ? ಸೋಸದೆ ಕುದಿಸಿದ್ದು. ಕೊಳೆ ಕಾಣಿಸಿಕೊಂಡ ಹಂತದಲ್ಲಿ ನಿಂತು ಒಂದೊಂದೇ ಸಾಮಾನು ಬದಲಿಸಿ. ಒಂದೇ ಸಲಕ್ಕೆ ಎರಡು ಬದಲಿಸಿದರೆ ಕಳ್ಳ ಯಾರೆಂದು ಗೊತ್ತಾಗದು. ಮೆಥಡ್ ಬ್ಲ್ಯಾಂಕ್ ಶುದ್ಧವಿದ್ದು ಫೀಲ್ಡ್ ಬ್ಲ್ಯಾಂಕ್ ಮಾತ್ರ ಕೆಟ್ಟಿದ್ದರೆ ಲ್ಯಾಬಿನಲ್ಲಿ ಹುಡುಕುವ ಅಗತ್ಯವೇ ಇಲ್ಲ. ಬಾಟಲಿ, ಫಿಲ್ಟರ್, ಆಸಿಡ್ ಹನಿ, ಗಾಡಿ ನೋಡಿ.

ಮಾಮೂಲಿ ಅನುಮಾನಿತರು: ಸತುವಿಗೆ ಪುಡಿ ಹಚ್ಚಿದ ಗ್ಲೌಸ್, ರಬ್ಬರ್ ಬಿರಡೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಸ್ಟ್ಯಾಂಡ್ ಮತ್ತು ಚಪ್ಪಲಿಯಲ್ಲಿ ಒಳಬಂದ ಕೆಂಪು ಮಣ್ಣು. ಅಮೋನಿಯಾಕ್ಕೆ ನೆಲ ಒರೆಸುವ ದ್ರಾವಣ, ಗೋಡೆಯಾಚೆಯ ಗೊಬ್ಬರದ ಗೋದಾಮು, ತೊಳೆಯದ ಫಿಲ್ಟರ್ ಪೇಪರ್. ತಾಮ್ರಕ್ಕೆ ಹಿತ್ತಾಳೆ ನಲ್ಲಿ. ಬೋರಾನ್, ಸೋಡಿಯಂಗೆ ಗಾಜಿನ ಬಾಟಲಿಯೇ, ಪ್ಲಾಸ್ಟಿಕ್‌ನಲ್ಲಿಡಿ.

ಈ ಬೇಟೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಸಾಕ್ಷಿ. ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸುವ ಮೊದಲು ಅವರು ಲ್ಯಾಬಿನ ಗಾಳಿ, ಗಾಜು, ರಾಸಾಯನಿಕಗಳಿಂದ ಬರುತ್ತಿದ್ದ ಸೀಸದೊಂದಿಗೆ ವರ್ಷಗಟ್ಟಲೆ ಗುದ್ದಾಡಬೇಕಾಯಿತು. ಸೀಸ ಎಲ್ಲೆಲ್ಲೂ ಇದೆ ಎಂದು ಹಾಗೆ ಕಂಡುಕೊಂಡವರು ಮುಂದೆ ಸೀಸ ಬೆರೆಸಿದ ಪೆಟ್ರೋಲಿನ ವಿರುದ್ಧವೇ ನಿಂತರು.

ಹಂತ 9: ವರದಿ ಮತ್ತು ವಿಲೇವಾರಿ

ವರದಿಯಲ್ಲಿ ‘0’ ಎಂದು ಬರೆಯಬೇಡಿ, ‘0.05ಕ್ಕಿಂತ ಕಡಿಮೆ’ ಎಂದು ನಿಮ್ಮ ಮಿತಿ ಸಮೇತ ಬರೆಯಿರಿ. ವಿಧಾನವೇ ಹೇಳಿದ್ದರೆ ಮಾತ್ರ ಬ್ಲ್ಯಾಂಕ್ ಕಳೆಯಿರಿ, ಕಳೆದಿದ್ದೀರಿ ಎಂಬುದನ್ನು ನಮೂದಿಸಿ, ಬ್ಲ್ಯಾಂಕ್‌ನ ಅಂಕಿಯನ್ನು ಪಕ್ಕದಲ್ಲೇ ಕೊಡಿ.

ಸಿಒಡಿ ಬ್ಲ್ಯಾಂಕ್ ಅನ್ನು ‘ನೀರೇ ತಾನೇ’ ಎಂದು ಸಿಂಕಿಗೆ ಸುರಿಯುವವರಿದ್ದಾರೆ. ಸ್ಯಾಂಪಲ್‌ನಲ್ಲಿರುವಷ್ಟೇ ಪಾದರಸ, ಬೆಳ್ಳಿ, ಕ್ರೋಮಿಯಂ ಅದರಲ್ಲೂ ಇವೆ. ಸಿಂಕಿನ ಪೈಪು ತೋಡಿಗೆ ಸೇರುವ ಊರು ನಮ್ಮದು. ಸ್ಯಾಂಪಲ್‌ಗಳ ಆಸಿಡ್ ತ್ಯಾಜ್ಯದ ಕ್ಯಾನಿಗೇ ಬ್ಲ್ಯಾಂಕನ್ನೂ ಹಾಕಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಪಡೆಯಲು ಪರವಾನಗಿ ಇರುವವರಿಗೇ ಕೊಡಿ.